ಪೆಡಲು ತುಳಿಯುವ ಡಾಕ್ಟರು

ಡ್ರೈವಿಂಗ್ ಮೇಷ್ಟ್ರಿಗೆ ಪಿತ್ತಕೋಶದ ಕಲ್ಲಿಗಿಂತ ಹೆಚ್ಚು ಕಾಟ ಕೊಟ್ಟದ್ದು ಭಾವಮೈದನ ಬಾಯಿ. ಆಪರೇಷನ್ನಿನ ಬಟ್ಟೆ ತೊಟ್ಟು ವಾರ್ಡಿನಲ್ಲಿ ಮಲಗಿದ್ದವರ ಬಳಿ ಬಂದು, "ಭಾವ, ನಿಮ್ಮ ಹೊಟ್ಟೆ ಕುಯ್ಯೋದು ರೋಬೋಟ್ ಅಂತೆ. ಸ್ವಿಚ್ ಹಾಕಿ ಡಾಕ್ಟರು ಟೀ ಕುಡಿಯೋಕೆ ಹೋಗ್ತಾರಂತೆ" ಎಂದುಬಿಟ್ಟ.

ಮೇಷ್ಟ್ರು ಎದ್ದು ಕೂತು, "ನನಗೆ ಆಪರೇಷನ್ನೇ ಬೇಡ" ಎಂದು ಕೂಗಾಡಿದರು. ಎದುರು ಹಾಸಿಗೆಯ ನಿವೃತ್ತ ಗುಮಾಸ್ತರು ಬೇರೆ, "ಮಧ್ಯದಲ್ಲಿ ಕರೆಂಟ್ ಹೋದ್ರೆ ಏನ್ರೀ ಗತಿ?" ಎಂದು ಬೆಂಕಿಗೆ ತುಪ್ಪ ಸುರಿದರು.

ಗಲಾಟೆ ಕೇಳಿ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಮಾಧಾನದಿಂದ ಹೇಳಿದಳು. "ಅದು ತಾನಾಗಿ ಏನೂ ಮಾಡಲ್ಲ ಸರ್. ಡಾಕ್ಟರು ಅದೇ ರೂಮಲ್ಲಿ ಸೀಟಿನಲ್ಲಿ ಕೂತು, ಕೈಯಲ್ಲಿ ಹಿಡಿಕೆ ತಿರುಗಿಸಿ, ಕಾಲಲ್ಲಿ ಪೆಡಲ್ ಒತ್ತುತ್ತಾರೆ. ಅವರು ಆಡಿಸಿದ ಹಾಗೆ ಅದು ಆಡುತ್ತೆ."

ಸೀಟು, ಪೆಡಲು ಎಂದೊಡನೆ ಮೇಷ್ಟ್ರಿಗೆ ಹೋದ ಜೀವ ಬಂತು. "ಹಾಗಾದ್ರೆ ಪಕ್ಕದಲ್ಲಿ ಕೂರೋರಿಗೆ ಇನ್ನೊಂದು ಬ್ರೇಕ್ ಇದೆಯಾ? ನನ್ನ ಕಾರಲ್ಲಿದೆ."

"ಇನ್ನೊಂದು ಸೀಟೇ ಇದೆ. ಒಂದರಲ್ಲಿ ಕಲಿಸೋರು, ಒಂದರಲ್ಲಿ ಕಲಿಯೋರು. ಇವತ್ತು ನಾನೂ ದೊಡ್ಡ ಡಾಕ್ಟರೂ ಕೂರ್ತೀವಿ."

ಮೇಷ್ಟ್ರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಮ್ಮ ಮಗಳಿಗಿಂತ ಚಿಕ್ಕವಳು. ವಾರ್ಡಿಗೆಲ್ಲ ಕೇಳುವಂತೆ, "ನೋಡಮ್ಮ, ಕಲಿಯೋರ ಕಾಲು ಎಂಥದು ಅಂತ ನನಗೆ ಗೊತ್ತು. ಬ್ರೇಕ್ ಅಂದ್ರೆ ಆಕ್ಸಿಲರೇಟರ್ ತುಳೀತಾರೆ. ನನ್ನ ಹೊಟ್ಟೆ ನಿನಗೆ ಪಾಠದ ಮೈದಾನ ಅಲ್ಲ. ಪೂರ್ತಿ ದೊಡ್ಡ ಡಾಕ್ಟರೇ ಮಾಡ್ಲಿ" ಎಂದರು.

"ಸರ್, ವಿಷಯ ಏನಂದ್ರೆ..."

"ವಿಷಯ ಗಿಷಯ ಏನೂ ಬೇಡ. ಅವರನ್ನ ಕರಿ."

ಅವಳು ಕೆಂಪಗಾಗಿ ಹೊರಗೆ ಹೋದಳು. "ಹಾಗೆ ಹೇಳ್ಬೇಕು" ಎಂದರು ಗುಮಾಸ್ತರು. ಹೆಂಡತಿ ಮಾತ್ರ, "ಪಾಪ, ಆ ಹುಡುಗಿ ಮುಖ ಸಣ್ಣದಾಯ್ತು ಕಣ್ರೀ" ಎಂದು ಗಂಡನ ತೋಳು ಚಿವುಟಿದರು.

ಸ್ವಲ್ಪ ಹೊತ್ತಿಗೆ ಅವಳ ಜೊತೆ ದೊಡ್ಡ ಡಾಕ್ಟರು ಮುಖ ಅರಳಿಸಿಕೊಂಡು ಬಂದರು. "ನಾನೇ ಮಾಡ್ಬೇಕು ಅಂದ್ರಂತೆ, ಬಹಳ ಸಂತೋಷ. ಈ ಡಾಕ್ಟರಮ್ಮ ಆ ಮೆಷಿನ್ನಲ್ಲಿ ನೂರಾರು ಆಪರೇಷನ್ ಮಾಡಿದೋರು, ನಮಗೆಲ್ಲ ಕಲಿಸೋಕೆ ಬಂದಿದ್ದಾರೆ. ರೋಗಿಗಳೆಲ್ಲ ಇವರೇ ಬೇಕು ಅಂತಾರೆ. ನನಗೆ ಆ ಸೀಟಲ್ಲಿ ಕೂರೋ ಅವಕಾಶವೇ ಇದುವರೆಗೂ ಸಿಕ್ಕಿರ್ಲಿಲ್ಲ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮನ ಕಡೆ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತಮ್ಮ" ಎಂದರು ಮೆಲ್ಲಗೆ.

"ಪರವಾಗಿಲ್ಲ ಸರ್. ನಾನು ಪಕ್ಕದ ಸೀಟಲ್ಲೇ ಇರ್ತೀನಿ."

"ನನ್ನ ಗುರುತು ಸಿಗಲಿಲ್ವಾ ಮೇಷ್ಟ್ರೇ? ನಾನು ನಿಮ್ಮ ಹಳೇ ಶಿಷ್ಯ" ಎಂದ ದೊಡ್ಡ ಡಾಕ್ಟರು ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಕ್ಲಾಸಿಗೆ ಒಂದು ದಿನವೂ ಬರೋಕಾಗಲಿಲ್ಲ. ಆದ್ರೂ ಎಲ್ಲ ಬರುತ್ತೆ ಅಂತ ಹೇಳಿ ಲೈಸೆನ್ಸ್ ಕೊಡಿಸಿದ್ರಿ. ಅವತ್ತಿನ ನಂಬಿಕೇನೇ ಇವತ್ತೂ ಇಟ್ಟಿದ್ದೀರಿ."

ಬೇಡ ಎನ್ನಬೇಕು. ಆದರೆ ಯಾಕೆ ಬೇಡ ಎಂದು ಹೆಂಡತಿಯ ಮುಂದೆ, ಇಡೀ ವಾರ್ಡಿನ ಮುಂದೆ ಯಾವ ಬಾಯಲ್ಲಿ ಹೇಳುವುದು? ಮೇಷ್ಟ್ರು ನಾಚಿಕೆಯಿಂದ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡರು. ಅವರನ್ನು ಮಲಗಿಸಿಕೊಂಡು ಸ್ಟ್ರೆಚರು ಹೊರಟಿತು.

ಹಿಂದಿನಿಂದ ಹೆಂಡತಿ ಹೆಮ್ಮೆಯಿಂದ ಗುಮಾಸ್ತರಿಗೆ ಹೇಳುವುದು ಕೇಳಿಸಿತು. "ಏನೂ ಭಯ ಇಲ್ಲ ಬಿಡಿ. ಆ ಡಾಕ್ಟರಿಗೆ ಕಲಿಸಿದ್ದು ಇವರೇ."