ಹತ್ತು ಗ್ರಾಂ ಮೊನೆ

ಚಾಮರಾಜಪೇಟೆಯ ಒಂದು ಮಹಡಿಮನೆಯಲ್ಲಿ, ೨೦೦೪ರ ಒಂದು ಭಾನುವಾರ, ಎರಡನೇ ಲೋಟ ಕಾಫಿ ಮುಗಿಸಿದ ಬದರೀನಾರಾಯಣ ಇನ್ನು ಮೂರೇ ತಿಂಗಳಲ್ಲಿ ಇಡೀ ಬೆಂಗಳೂರು ತನ್ನ ಬಿಲ್ವಿದ್ಯೆಗೆ ಬೆರಗಾಗಲಿದೆ ಎಂದು ಹೆಂಡತಿಯ ಮುಂದೆ ಘೋಷಿಸಿದ.

"ಬೆಂಗಳೂರು ಆಮೇಲೆ ಬೆರಗಾಗ್ಲಿ. ಮೊದ್ಲು ಓನರ್ ಬೆರಗಾಗದ ಹಾಗೆ ನೋಡ್ಕೊಳ್ಳಿ," ಎಂದಳು ರಂಗನಾಯಕಿ, ಹುರುಳಿಕಾಯಿಯ ನಾರು ತೆಗೆಯುತ್ತ.

ಓನರ್ ಎಂದರೆ ಕೆಳಗಡೆ ವಾಸವಿರುವ ನಾರಾಯಣಪ್ಪ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂಬ ಷರತ್ತಿನ ಮೇಲೆ ಮನೆ ಕೊಟ್ಟವರು. ಹಿಂದಿನ ಬಾಡಿಗೆಯವನು ದೇವರ ಪಟಕ್ಕೆಂದು ಒಂದೇ ಒಂದು ಮೊಳೆ ಹೊಡೆದು, ಅದೇ ತಿಂಗಳು ಪಟವನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದಿದ್ದ. ಹಾಗಾಗಿ ಬದರಿಯ ಮನೆಯಲ್ಲಿ ಕ್ಯಾಲೆಂಡರು ಕಿಟಕಿ ಸರಳಿಗೆ ನೇತಾಡುತ್ತಿತ್ತು, ಗಡಿಯಾರ ಅಕ್ಕಿಡಬ್ಬದ ಮೇಲೆ ಕೂತು ಕಾಲ ಕಳೆಯುತ್ತಿತ್ತು. ಎಂಟು ತಿಂಗಳು ಚಪ್ಪಲಿ ಸವೆಸಿ ಹುಡುಕಿದ ಮನೆ. ಇದು ಕೈಬಿಟ್ಟರೆ ರಂಗನಾಯಕಿ ಇನ್ನೊಂದು ಮನೆ ಹುಡುಕುವುದಿಲ್ಲ, ಸೀದಾ ತೌರಿಗೆ ಹೋಗುತ್ತಾಳೆ. ಹಾಗೆಂದು ಅವಳೇ ಹೇಳಿದ್ದಳು.

ಬಿಲ್ಲು ಹಳೆಯ ಮಾದರಿಯ ಉದ್ದಬಿಲ್ಲು, ಪೂರಾ ಮರದ್ದು, ನಿಲ್ಲಿಸಿದರೆ ಬದರಿಗಿಂತ ಒಂದು ಗೇಣು ಎತ್ತರ. ವಾರಕ್ಕೊಮ್ಮೆ ಬಿಲ್ವಿದ್ಯೆ ಕಲಿಸುವ ಕೆಂಚಪ್ಪ ಮೇಷ್ಟ್ರು ಆರಿಸಿ ಕೊಟ್ಟದ್ದು. ಕಾರ್ಬನ್ ಬಾಣಗಳನ್ನು ಮಾತ್ರ ಬದರಿ ತಾನೇ ಆರಿಸಿದ್ದ. ಅಂಗಡಿಯಲ್ಲಿ ಒಂದೊಂದನ್ನೂ ಹೆಬ್ಬೆರಳಿಟ್ಟು ಬಗ್ಗಿಸಿ, ಬಗ್ಗಿದ್ದನ್ನೆಲ್ಲ ಪಕ್ಕಕ್ಕಿಟ್ಟು, ಕಬ್ಬಿಣದ ಸಲಾಕೆಯಂತೆ ನಿಂತ ಆರನ್ನು ಕೊಂಡು ತಂದಿದ್ದ. ಗಂಡಸಿನ ಬಾಣ ಎಂದರೆ ಹಾಗಿರಬೇಕು ಎಂಬುದು ಅವನ ಸಿದ್ಧಾಂತ.

ತಾರಸಿಯ ಮೆಟ್ಟಿಲುಮನೆಯ ಗೋಡೆಗೆ ಹುಲ್ಲು ತುಂಬಿದ ಗೋಣಿಮೂಟೆ ಒರಗಿಸಿದ. ಅದರ ಎಡಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ನೀರಿನ ಟ್ಯಾಂಕು, ಅದರಾಚೆ ಪಕ್ಕದ ಮನೆಯ ಕಿಟಕಿಯಿಲ್ಲದ ಎತ್ತರದ ಗೋಡೆ. ಬಾಣ ಬಿಟ್ಟ. ಅದು ಮೂಟೆಯನ್ನು ಬಿಟ್ಟು, ಟ್ಯಾಂಕನ್ನೂ ಬಿಟ್ಟು, ಪಕ್ಕದ ಮನೆಯ ಗೋಡೆಗೆ ಟಣ್ಣೆಂದು ಬಡಿದು ಬಿತ್ತು. ಆರಕ್ಕೆ ಆರೂ ಹಾಗೇ.

ಕೆಂಚಪ್ಪ ಮೇಷ್ಟ್ರು ಫೋನಿನಲ್ಲಿ ನಕ್ಕರು. "ನಿಮ್ ಬಾಣಕ್ಕೆ ಸೊಂಟಾನೇ ಇಲ್ಲ ಸ್ವಾಮಿ. ಉದ್ದಬಿಲ್ಲಲ್ಲಿ ಬಾಣ ಕೂರೋದು ಮರದ ಪಕ್ಕದಲ್ಲಿ. ಬಳೇಪೇಟೆ ಗಲ್ಲೀಲಿ ಕೈಗಾಡಿ ಎದುರಿಗೆ ಬಂದ್ರೆ ಏನ್ಮಾಡ್ತೀರಿ? ಮೈ ಬಳುಕಿಸಿ ನುಸುಳ್ತೀರಲ್ವಾ? ಬಾಣಾನೂ ಹಂಗೇ ಬಳುಕಿ ಮರ ದಾಟ್ಬೇಕು. ಬಳುಕದೇ ಇದ್ರೆ ಎಡಕ್ಕೆ ಒದ್ಕೊಂಡು ಹೋಗತ್ತೆ."

"ಈಗೇನ್ಮಾಡ್ಲಿ ಸಾರ್?"

"ಮೊನೆ ಭಾರ ಮಾಡಿ. ಮುಂದೆ ಭಾರ ಇದ್ರೆ ಬಿಟ್ಟಾಗ ಕಡ್ಡಿ ಬಗ್ಗತ್ತೆ. ಆರೂವರೆ ಗ್ರಾಂ ಇರೋದನ್ನ ಹದಿಮೂರು ಮಾಡ್ಸಿ."

ಇಲ್ಲಿ ಬದರಿಯೊಳಗಿನ ಗುಮಾಸ್ತ ಎಚ್ಚರಗೊಂಡ. ಯಾವ ಕಡತವೂ ಒಂದೇ ಸಲಕ್ಕೆ ಮೇಲಿನ ಮೇಜು ತಲುಪದ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಒಮ್ಮೆಲೇ ಹದಿಮೂರು ದುಡುಕಾಗುತ್ತದೆ, ಸದ್ಯಕ್ಕೆ ಅರ್ಧ ದಾರಿ ಹೋಗೋಣ ಎಂದು ತೀರ್ಮಾನಿಸಿ, ಲೇತ್ ಕೆಲಸದ ಮಾಯಣ್ಣನಿಂದ ಹತ್ತು ಗ್ರಾಮಿನ ಹಿತ್ತಾಳೆ ಮೊನೆ ಮಾಡಿಸಿದ. ಮಾಯಣ್ಣ ಕಸುಬುದಾರ. ಕೇಳದಿದ್ದರೂ ದಬ್ಬಳದ ಹಾಗೆ ಚೂಪು ಮಾಡಿಕೊಟ್ಟ.

ಮುಂದಿನ ಭಾನುವಾರ ಬಾಣ ನಿಜಕ್ಕೂ ಸುಧಾರಿಸಿತ್ತು. ಪಕ್ಕದ ಮನೆಯ ಗೋಡೆಗೂ ಮೂಟೆಗೂ ನಡುವೆ ಸರಿಯಾಗಿ ಅರ್ಧ ದಾರಿಗೆ ಬಂತು. ಅರ್ಧ ದಾರಿಯಲ್ಲಿ ಟ್ಯಾಂಕು ಇತ್ತು.

ಸದ್ದು ದೊಡ್ಡದೇನಲ್ಲ. ಹಲಸಿನ ಹಣ್ಣಿಗೆ ಚಾಕು ಇಳಿದಂತೆ. ಬದರಿ ಬಿಲ್ಲು ಕೆಳಗಿಟ್ಟು ಓಡಿದ. ಟ್ಯಾಂಕಿನ ನಡುಮಟ್ಟದಲ್ಲಿ ನೆಟ್ಟುಕೊಂಡ ಬಾಣದ ಬುಡದಿಂದ ಒಂದೊಂದೇ ಹನಿ ಇಳಿಯುತ್ತಿತ್ತು. ಕೀಳಲು ಕೈಯಿಟ್ಟ. ಹನಿ ಎಳೆಯಾಯಿತು. ಕೈ ತೆಗೆದ. ತಾರಸಿಯ ನೀರು ಹರಿಯುವ ದೋಣಿ ನೇರ ನಾರಾಯಣಪ್ಪನ ಜಗಲಿಯ ಮೇಲಿತ್ತು, ಅಲ್ಲಿ ಅವರು ಪೇಪರು ಓದುತ್ತಿದ್ದರು.

ರಂಗನಾಯಕಿ ಬಂದು ನೋಡಿದಳು. ಬೈಯಲಿಲ್ಲ. ಬೈಯದಿದ್ದದ್ದಕ್ಕೇ ಬದರಿಗೆ ಹೆಚ್ಚು ಭಯವಾಯಿತು.

"ನೀರು ತೂತಿಗಿಂತ ಕೆಳಗಿಳಿದ್ರೆ ಕಿತ್ರೂ ಸುರಿಯಲ್ಲ," ಎಂದಳು. "ಅಂಟು ಹಾಕಿ ಮುಚ್ಬಹುದು. ಹೋಗಿ, ನಲ್ಲಿಗಳನ್ನ ತಿರುಗಿಸಿ."

ಬಾಣದ ಮೇಲೊಂದು ಟವೆಲ್ ಇಳಿಬಿಟ್ಟು ಗಂಡ ಹೆಂಡತಿ ಯುದ್ಧಕ್ಕಿಳಿದರು. ಹೊದಿಕೆಗಳನ್ನು ತೊಳೆದರು, ಪರದೆಗಳನ್ನು ತೊಳೆದರು, ಶುದ್ಧವಾಗಿದ್ದ ಹಂಡೆಯನ್ನೂ ತಿಕ್ಕಿ ಹೊಳೆಯಿಸಿದರು. ಬದರಿ ಎರಡು ಸಲ ಸ್ನಾನ ಮಾಡಿದ. ನೀರು ಇನ್ನೇನು ಇಳಿಯಿತು ಎನ್ನುವಷ್ಟರಲ್ಲಿ ಕೆಳಗೆ ಮೋಟರ್ ಗುಂಯ್‌ಗುಟ್ಟಿತು. ಟ್ಯಾಂಕು ಮತ್ತೆ ತುಂಬಿತು. ಇವರು ಇಳಿಸಿದರು, ಅವರು ತುಂಬಿಸಿದರು.

"ಇನ್ನು ತೊಳೆಯೋಕೆ ಏನೂ ಉಳಿದಿಲ್ಲ ಕಣೇ ರಂಗೂ."

"ಮೂರನೇ ಸ್ನಾನ ಮಾಡಿ."

ಆಗ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಇಬ್ಬರೂ ತಾರಸಿಗೆ ಓಡಿ, ಟವೆಲಿನ ಮುಂದೆ ಒದ್ದೆಮೈಯಲ್ಲಿ ನಿಂತರು.

"ಏನ್ ಸ್ವಾಮಿ, ಮೂರನೇ ಸಲ ಮೋಟರ್ ಹಾಕ್ತಾ ಇದೀನಿ. ಮನೇಲಿ ಮದುವೆ ಗಿದುವೆ ಇದೆಯಾ?" ಎನ್ನುತ್ತ ಬಂದ ನಾರಾಯಣಪ್ಪ, ಟ್ಯಾಂಕಿಗೆ ಅಂಟಿಕೊಂಡು ಗಾಳಿಯಲ್ಲಿ ನಿಂತಿದ್ದ ಟವೆಲನ್ನು ನೋಡಿದರು. ಬದರಿಯನ್ನು ಒಂದು ಬೆರಳಿನಿಂದ ಸರಿಸಿ ಟವೆಲ್ ಎತ್ತಿದರು.

ಬದರಿಗೆ ಸಾಮಾನು ತುಂಬಿದ ಲಾರಿ ಕಣ್ಣಮುಂದೆ ಬಂತು. ಅದರ ಮೇಲೆ ಅಕ್ಕಿಡಬ್ಬ, ಗಡಿಯಾರ. ರಂಗನಾಯಕಿ ಮಾತ್ರ ಇರಲಿಲ್ಲ.

"ಯಾವುದಕ್ಕೆ ಗುರಿ ಇಟ್ಟಿದ್ರಿ?" ಕೇಳಿದರು ನಾರಾಯಣಪ್ಪ, ಬಹಳ ಮೆತ್ತಗೆ.

ಟ್ಯಾಂಕಿಗೆ ಎಂದರೆ ದುಷ್ಟನಾಗುತ್ತಾನೆ, ಆದರೆ ಬಿಲ್ಲುಗಾರನಾಗಿ ಉಳಿಯುತ್ತಾನೆ. ಮೂಟೆಗೆ ಎಂದರೆ ಅದೂ ಇಲ್ಲ. ಬದರಿ ಹೆಂಡತಿಯ ಮುಖ ನೋಡಿದ. ಅವಳು ಕಣ್ಣಲ್ಲೇ ಮೂಟೆ ತೋರಿಸಿದಳು.

"ಅದೋ, ಆ ಮೂಟೆಗೆ."

ನಾರಾಯಣಪ್ಪ ಮೂಟೆಯಿಂದ ಟ್ಯಾಂಕಿನವರೆಗೆ ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆದರು. ಹನ್ನೊಂದು ಅಡಿ. ಇನ್ನೊಮ್ಮೆ ಅಳೆದರು.

"ಮನೆ ಖಾಲಿ ಮಾಡ್ಬೇಕಾ ಸಾರ್?" ಎಂದ ಬದರಿ.

"ಬೇಡ. ನೀವು ಬೇರೆ ಕಡೆ ಹೋದ್ರೆ ಅಲ್ಲಿರೋರ ಗತಿ ಏನು? ತೂತು ಮುಚ್ಚಿಸ್ಕೊಡಿ, ಸಾಕು." ನಾರಾಯಣಪ್ಪ ಟವೆಲನ್ನು ಬಾಣದ ಮೇಲೆ ಮತ್ತೆ ನೀಟಾಗಿ ಹೊದಿಸಿದರು. "ಇನ್ಮೇಲೆ ಬಾಣ ಬಿಡೋದಾದ್ರೆ ನನ್ನ ಟ್ಯಾಂಕಿಗೇ ಗುರಿ ಇಡಿ ಸ್ವಾಮಿ. ಆಗ ಅದಕ್ಕೇನೂ ಆಗಲ್ಲ."