ಎಡಮಗ್ಗುಲಿನ ಎಂಜಿನ್ನು

ನನ್ನ ತಂಗಿಯ ಗಂಡ ಶಹಾಪುರ ತಾಲ್ಲೂಕಿಗೆ ರೈಲು ಎಂಜಿನ್ನು ತಂದ ಮಹಾಪುರುಷ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಸಗರದ ಹತ್ತಿರ ಕಾಲುವೆಯ ಗೇಟು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ಈ ಮನುಷ್ಯ, ಜಗತ್ತಿನ ಮೊದಮೊದಲ ಉಗಿ ಎಂಜಿನ್ನುಗಳಲ್ಲಿ ಒಂದರ ಮಾದರಿಯನ್ನು ತನ್ನ ಅಂಗಳದಲ್ಲೇ ಕಟ್ಟಿದ. ಕರುವಿನಷ್ಟು ಎತ್ತರ. ಆದರೆ ಅರ್ಧ ಮಾತ್ರ. ಮುಂದಿನ ಅರ್ಧವೂ ಅಲ್ಲ, ಹಿಂದಿನ ಅರ್ಧವೂ ಅಲ್ಲ, ಎಡಗಡೆಯ ಅರ್ಧ!

ಒಂದು ಹಳೆಯ ಕ್ಯಾಲೆಂಡರಿನಲ್ಲಿ ಅವನಿಗೆ ಆ ಎಂಜಿನ್ನಿನ ಚಿತ್ರ ಸಿಕ್ಕಿತ್ತು. ಉದ್ದ ಚಿಮಣಿ, ಪೀಪಾಯಿಯಂಥ ಹೊಟ್ಟೆ, ದೊಡ್ಡ ಗಾಲಿ. ಹತ್ತಿಗೆ ಔಷಧಿ ಹೊಡೆಯುವ ಹಿತ್ತಾಳೆಯ ಪಂಪು ಹೊಟ್ಟೆಯಾಯಿತು, ಬೋರಿನ ಪೈಪು ಚಿಮಣಿಯಾಯಿತು, ನನ್ನ ತಂಗಿಯ ಹೊಲಿಗೆ ಯಂತ್ರದ ಚಕ್ರ ಗಾಲಿಯಾಯಿತು. ತಂಗಿ ಒಂದು ವಾರ ಮಾತು ಬಿಟ್ಟಳು; ಅವನ ಕೆಲಸಕ್ಕೆ ಅನುಕೂಲವೇ ಆಯಿತು! ಚಿತ್ರದಲ್ಲಿ ಕಾಣುತ್ತಿದ್ದುದು ಎಡಮಗ್ಗುಲು ಮಾತ್ರ. ಅಷ್ಟನ್ನೇ ಮಾಡಿದ. ಬಲಗಡೆ ಗಾಲಿಯಿಲ್ಲ, ಸಲಾಕೆಯಿಲ್ಲ, ಬರೀ ಬೋಳು ಹಲಗೆ. ಎಂಜಿನ್ನು ಗೋಡೆಗೆ ಒರಗಿ ನಿಂತಿತ್ತು.

"ಆ ಕಡಿನೂ ಹಿಂಗೇ ಇರ್ತದ ಮಾರಾಯಾ, ಮಾಡಿ ಬಿಡು" ಎಂದೆ, ಡ್ರಾಯಿಂಗ್ ಮಾಸ್ತರನಾದ ನಾನು.

"ನೀವು ನೋಡಿರೇನ್ರಿ ಮಾಸ್ತರ?"

"ಇಲ್ಲ."

"ನಾನೂ ನೋಡಿಲ್ಲ. ನೋಡದ್ದು ಮಾಡಿದ್ರ ಸುಳ್ಳು ಆಗ್ತದಲ್ರಿ!"

ನಕ್ಕು ಸುಮ್ಮನಾಗುತ್ತಿದ್ದೆ, ನಮ್ಮ ಅಪ್ಪ ನಡುವೆ ಬಾರದಿದ್ದರೆ. ಯಾದಗಿರಿ ಸ್ಟೇಷನ್ನಿನಲ್ಲಿ ಉಗಿ ಎಂಜಿನ್ನುಗಳಿಗೆ ನೀರು ತುಂಬಿಸುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವರು ಅಪ್ಪ. ನಿವೃತ್ತರಾದ ಮೇಲೆ ಪ್ರತಿ ರವಿವಾರ ಮೊದಲ ಬಸ್ಸಿಗೇ ಅಳಿಯನ ಮನೆಗೆ ಹೋಗಿ, ಆ ಅರ್ಧ ಎಂಜಿನ್ನಿನ ಮೈ ಒರೆಸುತ್ತ ಕೂಡುವರು. ಬಾಯಲ್ಲೇ ಸೀಟಿ ಬೇರೆ! ನಾನು ಇಪ್ಪತ್ತು ವರ್ಷದಿಂದ ಅವರ ಕಣ್ಣೆದುರಿಗೇ ಚಿತ್ರ ಬರೆಯುತ್ತಿದ್ದೇನೆ. ಒಮ್ಮೆ, ಒಂದೇ ಒಮ್ಮೆ, ಕೈಗೆತ್ತಿಕೊಂಡು ನೋಡಿದ್ದರು. "ಕಾಗದ ಚಲೋ ಅದ" ಎಂದಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ? ನನ್ನ ಹೊಟ್ಟೆಯ ಉರಿಗೆ ನಿಜವಾದ ಎಂಜಿನ್ನೇ ಓಡಬಹುದಿತ್ತು.

ಹೀಗಿರುವಾಗ ಪರೀಕ್ಷೆಯ ಕೆಲಸಕ್ಕೆಂದು ಸುರಪುರಕ್ಕೆ ಹೋದೆ. ಅಲ್ಲಿ ಒಂದು ಕಪಾಟಿನಲ್ಲಿ ಹಳೆಯ ಪುಸ್ತಕ ಸಿಕ್ಕಿತು. ಅದರಲ್ಲಿ ಅದೇ ಎಂಜಿನ್ನು, ಬಲಮಗ್ಗುಲಿನಿಂದ! ಕೂತಲ್ಲೇ ಒಂದು ಮೊಳೆಯನ್ನೂ ಬಿಡದೆ ನಕಲು ಮಾಡಿಕೊಂಡೆ. ಮನೆಗೆ ತಂದು ಟ್ರಂಕಿನಲ್ಲಿ ರಗ್ಗಿನ ಕೆಳಗಿಟ್ಟು ಬೀಗ ಹಾಕಿದೆ. ಇರಲಿ, ಅರ್ಧವೇ ಇರಲಿ! ಆಮೇಲೆ ಮೂರು ತಿಂಗಳು ನೆಮ್ಮದಿಯಾಗಿದ್ದೆ ಎಂದರೆ ನೀವು ನಂಬಬಾರದು.

ಒಂದು ರವಿವಾರ ಅಪ್ಪ ಬಸ್ಸಿಗೆ ಹೊರಡಲಿಲ್ಲ.

"ಕಾಲಾಗ ಬಲ ಇಲ್ಲೋ. ಅದು ನಾಕು ಮಾರು ಓಡಿದ್ದು ನೋಡಬೇಕಂತಿದ್ದೆ. ಇನ್ನ ಆಗಂಗಿಲ್ಲ ಬಿಡು" ಎಂದರು.

ಟ್ರಂಕು ತೆರೆದೆ. ಅವತ್ತೇ ಶಹಾಪುರದ ಬಸ್ಸು ಹಿಡಿದೆ.

ತಂಗಿಯ ಗಂಡ ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದ. "ನೋಡಿ ಬರದಿರೋ, ಅಂದಾಜಿನ ಮ್ಯಾಲ ಬರದಿರೋ?"

"ನೋಡೇ ಬರದೀನಿ, ಸುರಪುರದಾಗ."

"ಯಾವಾಗ್ರಿ?"

ನಾಲಿಗೆಯ ತುದಿಗೆ ಸುಳ್ಳು ಬಂದಿತ್ತು, ಆಡಲಾಗಲಿಲ್ಲ. "ಮೂರು ತಿಂಗಳಾತು. ಮುಚ್ಚಿಟ್ಟಿದ್ದೆ. ಹೊಟ್ಟಿಕಿಚ್ಚು" ಎಂದೆ.

ಅವನು ಎದ್ದು ಇಕ್ಕಳ ಹುಡುಕಲು ಹೋದ.

ಕಾಲುವೆಗೆ ನೀರು ನಿಲ್ಲಿಸಿದ ದಿನಗಳವು, ಅವನಿಗೆ ಬಿಡುವೇ ಬಿಡುವು. ತಿಂಗಳೊಳಗೆ ಪಕ್ಕದ ಮನೆಯ ಹೊಲಿಗೆ ಯಂತ್ರವೂ ಬಲಿಯಾಯಿತು, ಎಂಜಿನ್ನು ಗೋಡೆ ಬಿಟ್ಟು ನಿಂತಿತು. ಅಪ್ಪನನ್ನು ಜೀಪಿನಲ್ಲಿ ಕರೆದೊಯ್ದೆ. ನೀರು ತುಂಬಿಸಲು ಅವರು ಯಾರಿಗೂ ಬಿಡಲಿಲ್ಲ! ಎಂಜಿನ್ನು ಕೆಮ್ಮಿತು, ಉಗುಳಿತು, ಅಂಗಳದಲ್ಲಿ ನಾಲ್ಕು ಮಾರು ಓಡಿ ಕೋಳಿಗೂಡಿಗೆ ಗುದ್ದಿ ನಿಂತಿತು.

ಅಪ್ಪ ಕಣ್ಣೊರೆಸಿಕೊಂಡು ಅಳಿಯನನ್ನು ಕೇಳಿದರು, "ಆ ಕಡಿ ಚಿತ್ರಾ ಎಲ್ಲಿ ಸಿಕ್ತಪ್ಪಾ?"

"ಮಾಸ್ತರ ತಂದು ಕೊಟ್ರಲ್ರಿ. ಸುರಪುರದಾಗ ಸಿಕ್ಕ ದಿನಾನೇ, ಊಟ ಸುದ್ದಾ ಮಾಡದ ಓಡಿ ಬಂದ್ರು."

ಅಷ್ಟು ಸಲೀಸಾಗಿ ಹೇಳಿ, ಉರುಳಿಬಿದ್ದ ಕೋಳಿಗೂಡನ್ನು ಎತ್ತಲು ಹೋದ. ಅಪ್ಪ ಮಸಿ ಹತ್ತಿದ ಕೈಯನ್ನು ನನ್ನ ಹೆಗಲ ಮೇಲಿಟ್ಟರು. ನನಗೆ ಅಳು ಬಂತು. ಅವನ ಹಿಂದೆಯೇ ಹೋಗಿ ಗೂಡಿನ ಇನ್ನೊಂದು ತುದಿ ಹಿಡಿದುಕೊಂಡೆ.