ರಕ್ತ ಅಳೆಯುವ ಯಂತ್ರಕ್ಕೆ ಒಂದು ಸೊಟ್ಟ ವೃತ್ತದ ದೂರು

ಪ್ರಯೋಗಾಲಯದ ತಂಪು ಕೋಣೆಯಲ್ಲಿ ಸುಖಾಸೀನರಾಗಿ, ಹನಿ ಹನಿಯಾಗಿ ಊರವರ ರಕ್ತ ಸವಿಯುತ್ತಿರುವ ಶ್ರೀಮದ್ ಯಂತ್ರಮಹಾಶಯರಿಗೆ, ತಮ್ಮ ಹಳೆಯ ರಕ್ತಸಂಬಂಧಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾನೊಬ್ಬ ಗಣಿತದ ಮೇಷ್ಟ್ರು. ಹಿಂದೊಮ್ಮೆ ನಮ್ಮ ಮನೆಯ ಸೀಲಿಂಗ್ ಫ್ಯಾನು ನನಗೆ ಸಲಹೆ ಕೊಡತೊಡಗಿದ್ದರಿಂದ, ಮತ್ತು ಆ ಸಲಹೆಗಳನ್ನು ನಾನು ಚಾಚೂತಪ್ಪದೆ ಪಾಲಿಸತೊಡಗಿದ್ದರಿಂದ, ಡಾಕ್ಟರಮ್ಮನವರು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದುಕೊಟ್ಟು, ಆ ಮದ್ದು ರಕ್ತದಲ್ಲಿ ಎಷ್ಟಿದೆಯೆಂದು ಆಗಾಗ ತಮ್ಮಲ್ಲಿ ಅಳೆಸಲು ಹೇಳಿದರು. ಫ್ಯಾನು ಬಾಯಿ ಮುಚ್ಚಿತು. ನನ್ನ ಬಾಯಿ ತೆರೆದುಕೊಂಡಿತು. ನಿದ್ದೆಯಲ್ಲಿ ಸುರಿದ ಜೊಲ್ಲಿನಿಂದ ದಿಂಬಿನ ಮೇಲೆ ದಿನಕ್ಕೊಂದು ಹೊಸ ಖಂಡದ ನಕ್ಷೆ ಮೂಡುತ್ತದೆ, ಭೂಗೋಳದ ಮೇಡಂಗೆ ಕೊಟ್ಟರೆ ಪಾಠಕ್ಕಾದೀತು. ಹೊಟ್ಟೆಯಂತೂ ನನಗಿಂತ ಮುಂಚೆಯೇ ತರಗತಿಯೊಳಗೆ ಹೋಗಿ ಹಾಜರಿ ಹಾಕುತ್ತದೆ.

ಇಷ್ಟನ್ನೂ ಸಹಿಸಿಯೇನು, ಆದರೆ ಕೈ ನಡುಗುತ್ತದೆ. ಕೈವಾರದ ಹಂಗಿಲ್ಲದೆ, ಒಂದೇ ಬೀಸಿಗೆ ಕಪ್ಪುಹಲಗೆಯ ಮೇಲೆ ವೃತ್ತ ಬರೆಯುವುದು ನನ್ನ ವೃತ್ತಿಗಿದ್ದ ಏಕೈಕ ಕಿರೀಟ. ಈಗ ಬರೆದರೆ ಹಿಂದಿನ ಬೆಂಚಿನಿಂದ "ಸರ್, ಆಲೂಗಡ್ಡೆಗೂ ತ್ರಿಜ್ಯ ಇರುತ್ತಾ?" ಎಂಬ ಸಂದೇಹ ಬರುತ್ತದೆ. ಮುಖ್ಯೋಪಾಧ್ಯಾಯರು ಭುಜ ತಟ್ಟಿ, "ಸ್ವಲ್ಪ ದಿನ ಸ್ಟೋರ್ ರೂಮ್ ನೋಡ್ಕೊಳ್ಳಿ ಮೇಷ್ಟ್ರೇ, ಅಲ್ಲಿ ಆರಾಮ" ಎಂದಿದ್ದಾರೆ. ಅಲ್ಲಿರುವುದು ಒಂದು ಒಡೆದ ಗ್ಲೋಬು ಮತ್ತು ಕಾಲು ಮುರಿದ ಬೆಂಚುಗಳು. ಅವುಗಳ ಸಾಲಿಗೆ ಇನ್ನು ನಾನೂ ಸೇರಬೇಕಂತೆ.

ಇದಕ್ಕೆಲ್ಲ ತಮ್ಮ ಉತ್ತರವಾದರೂ ಎಷ್ಟು ಸಂಯಮದ್ದು: "ಮದ್ದಿನ ಮಟ್ಟ ಮಿತಿಯೊಳಗಿದೆ." ನಾನು ಪ್ಯಾಂಟಿನ ಮಿತಿ ಮೀರಿ ಉಕ್ಕುತ್ತಿರುವಾಗಲೂ ಇಂಥ ಸ್ಥಿತಪ್ರಜ್ಞತೆ ತಮಗಲ್ಲದೆ ಯಾರಿಗೆ ಒಲಿದೀತು?

ಹೋದ ಸಲ ಮಾತ್ರ ತಾವು ವರಸೆ ಬದಲಿಸಿ, ಮಟ್ಟ ಮುಗಿಲು ಮುಟ್ಟಿದೆ ಎಂದಿರಿ. ಡಾಕ್ಟರಮ್ಮ ಗಾಬರಿಯಾಗಿ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಕೆಲವೇ ದಿನಗಳಲ್ಲಿ ಕೈ ನೆಟ್ಟಗಾಯಿತು, ಹಲಗೆಯ ಮೇಲೆ ಹುಣ್ಣಿಮೆಯಂಥ ವೃತ್ತ ಮೂಡಿತು, ಹಿಂದಿನ ಬೆಂಚು ಚಪ್ಪಾಳೆ ತಟ್ಟಿತು. ಅದರ ಬೆನ್ನಿಗೇ ಒಂದು ದಿನ ಊಟದ ನಡುವೆ ನಾನು ತಲೆಯೆತ್ತಿ, "ತಾವು ಹೇಳೋದೂ ಸರಿ" ಎಂದು ಫ್ಯಾನಿಗೆ ವಿನಯದಿಂದ ನುಡಿದೆನಂತೆ. ಅಕ್ಕನ ಕೈಯ ಸೌಟು ಕೆಳಗೆ ಬಿತ್ತು.

ವಿಚಾರಣೆಯಾಗಿ ನಿಜ ಹೊರಬಿತ್ತು. ಬೆಳಗಿನ ಮಾತ್ರೆ ನುಂಗುವ ಮುಂಚೆಯೇ ರಕ್ತ ಕೊಡಬೇಕೆಂಬುದು ನಿಯಮ. ಒಂಟಿಯಾಗಿದ್ದಾಗ ನಾನು ಹಾಗೆಯೇ ಕೊಡುತ್ತಿದ್ದೆ. ಈಗ ಅಕ್ಕ ಮನೆ ಸೇರಿದ್ದಾಳೆ. ಆಕೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. "ನಾಲಿಗೆ ಎತ್ತು, ನೋಡೋಣ" ಎಂದು ನನ್ನ ಬಾಯಿ ತಪಾಸಣೆ ಮಾಡದೆ ಹೊಸಿಲು ದಾಟಲು ಬಿಡುವವಳಲ್ಲ. ಹೋದ ಸಲ ರಕ್ತ ಕೊಡಲು ಹೊರಟಾಗಲೂ ಮಾತ್ರೆ ನುಂಗಿಸದೆ ಬಿಡಲಿಲ್ಲ. ಆಗಷ್ಟೇ ನುಂಗಿದ ಮಾತ್ರೆ ರಕ್ತದಲ್ಲಿ ಮೆರವಣಿಗೆ ಹೊರಟಿತ್ತು. ತಾವು ಮೆರವಣಿಗೆಯನ್ನೇ ಊರಿನ ಜನಸಂಖ್ಯೆ ಎಂದು ಬರೆದುಕೊಂಡಿರಿ.

ಈಗ ಮಾತ್ರೆ ಮತ್ತೆ ಪೂರ್ತಿಯಾಗಿದೆ, ಫ್ಯಾನು ಮೌನವಾಗಿದೆ, ವೃತ್ತ ಆಲೂಗಡ್ಡೆಯಾಗಿದೆ. ನಾಳೆಯ ಪರೀಕ್ಷೆ ಅವಕಾಶ ಕೊಟ್ಟರೆ ಇಷ್ಟಿಷ್ಟೇ ಇಳಿಸಿ ನೋಡೋಣ ಎಂದು ಡಾಕ್ಟರಮ್ಮ ಒಪ್ಪಿದ್ದಾರೆ. ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು: ತಮ್ಮ ವರದಿಯಲ್ಲಿ ದಿಂಬಿಗೂ ಬೆಲ್ಟಿಗೂ ಒಂದೊಂದು ಕಾಲಂ ಇರಲಿ, ಬಿಡುವಾದಾಗ ನನ್ನ ತರಗತಿಗೆ ಬಂದು ತಾವೂ ಒಂದು ವೃತ್ತ ಬರೆದು ತೋರಿಸಿ, ಹಾಗೂ ಫ್ಯಾನಿನ ಮೌನಕ್ಕೂ ನನ್ನ ಕೈಯ ನಡುಕಕ್ಕೂ ನಡುವೆ ಒಬ್ಬ ಮೇಷ್ಟ್ರು ನಿಲ್ಲುವಷ್ಟು ಜಾಗ ಎಲ್ಲಾದರೂ ಇದ್ದರೆ, ದಯವಿಟ್ಟು ಹುಡುಕಿಕೊಡಿ. ನಾನು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತೇನೆ.

ಇಂತು, ತಮ್ಮ ಲೆಕ್ಕದಲ್ಲಿ ಮಿತಿಯೊಳಗಿರುವ,
ತಮ್ಮ ವಿಶ್ವಾಸಿ,
ಆಲೂಗಡ್ಡೆ ಮೇಷ್ಟ್ರು

ತಾ.ಕ.: ನಾಳೆ ಮಾತ್ರೆ ಅಕ್ಕನ ಪರ್ಸಿನಲ್ಲಿರುತ್ತದೆ, ರಕ್ತ ಕೊಟ್ಟ ಮೇಲೆಯೇ ನನ್ನ ಬಾಯಿಗೆ. ಈ ಸಲವೂ ಅಂಕಿ ಹೆಚ್ಚುಕಡಿಮೆಯಾದರೆ ತಮ್ಮ ಮುಚ್ಚಳವನ್ನೂ ಎತ್ತಿಸಿ ನೋಡುವುದಾಗಿ ಆಕೆ ತಿಳಿಸಿದ್ದಾಳೆ. ಈ ಪತ್ರದ ಬಗ್ಗೆ ಫ್ಯಾನಿನ ಅಭಿಪ್ರಾಯವನ್ನೂ ಕೇಳಿದೆ. ಅದು ಬರೀ ಗಾಳಿ ಬೀಸಿತು.